‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಕೆ?

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸಿದ ವರ್ಷಗಳಲ್ಲಿ ನನ್ನ ಕೆಂಪು ಶಾಯಿ ಅತಿ ಹೆಚ್ಚು ವ್ಯಯವಾದದ್ದು ‘ಟು’, ‘ಫಾರ್’, ‘ಅಟ್’, ‘ಅಬೌಟ್’ ಎಂಬ ಪುಟ್ಟ ಪದಗಳಿಗಾಗಿ. ಬೇಕಾದಲ್ಲಿ ಅವು ಇರುತ್ತಿರಲಿಲ್ಲ. ಬೇಡವಾದಲ್ಲಿ ಬಂದು ಕುಳಿತಿರುತ್ತಿದ್ದವು. ‘ಲಿಸನ್ ಮ್ಯೂಸಿಕ್’ ಎಂದು ಬರೆದ ಕೈಯೇ ಮುಂದಿನ ಸಾಲಿನಲ್ಲಿ ‘ಡಿಸ್ಕಸ್ ಅಬೌಟ್ ದ ಮ್ಯಾಟರ್’ ಎಂದು ಬರೆಯುತ್ತಿತ್ತು. ಮೊದಲನೆಯದಕ್ಕೆ ‘ಟು’ ಬೇಕು, ಎರಡನೆಯದಕ್ಕೆ ‘ಅಬೌಟ್’ ಬೇಡ.

ಈಗ ಇದನ್ನು ನೆನೆಯಲು ಕಾರಣವಿದೆ. ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಕಚೇರಿಯ ಸಭೆಯಲ್ಲಿ ಅವನು ‘ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್’ ಎಂದಾಗ ಮೇಲಧಿಕಾರಿಯೊಬ್ಬರು ಎಲ್ಲರೆದುರು ನಕ್ಕು, ‘ಕನ್ನಡ ಮೀಡಿಯಮ್ಮೋ?’ ಎಂದರಂತೆ. ‘ಅಂದಿನಿಂದ ಸಭೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದೇನೆ ಸಾರ್’ ಎಂದ. ಗಣಿತದಲ್ಲಿ ತರಗತಿಗೇ ಮುಂದಿದ್ದ ಹುಡುಗ ಅವನು. ಒಂದು ಸಣ್ಣ ಪದಕ್ಕಾಗಿ ಅಂಥವನ ಮಾತು ನಿಂತುಹೋಯಿತೆಂದು ಕೇಳಿ ನನಗೆ ಸಂಕಟವಾಯಿತು. ಅಂದು ಅವನಿಗೆ ಹೇಳಿದ್ದನ್ನು ನಿಮಗೆಲ್ಲರಿಗಾಗಿ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಕ್ರಿಯೆಗೂ ನಾಮಪದಕ್ಕೂ ಇರುವ ನಂಟನ್ನು ವಿಭಕ್ತಿ ಪ್ರತ್ಯಯ ತಿಳಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವುಗಳನ್ನು ಸೂತ್ರಗಳಲ್ಲಿ ನಿರೂಪಿಸಿದ್ದಾನೆ. ನಾವು ಹಾಡನ್ನು ಕೇಳುತ್ತೇವೆ, ಬಸ್ಸನ್ನು ಕಾಯುತ್ತೇವೆ, ಗೋಡೆಯ ಚಿತ್ರವನ್ನು ನೋಡುತ್ತೇವೆ. ಮೂರಕ್ಕೂ ದ್ವಿತೀಯಾ ವಿಭಕ್ತಿ. ಆಡುಮಾತಿನಲ್ಲಂತೂ ‘ಅನ್ನು’ ಸಹ ಬಿದ್ದುಹೋಗಿ ‘ಬಸ್ಸು ಕಾಯ್ತಿದ್ದೀನಿ’ ಎಂದಾಗುತ್ತದೆ. ಆದರೆ ಪ್ರಶ್ನೆಗೆ ಉತ್ತರಿಸುತ್ತೇವೆ, ಊರಿಗೆ ತಲುಪುತ್ತೇವೆ, ವಿಷಯದ ಬಗ್ಗೆ ಚರ್ಚಿಸುತ್ತೇವೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ‘ಲಿಸನ್ ಟು’, ‘ವೇಟ್ ಫಾರ್’, ‘ಲುಕ್ ಅಟ್’ ಎಂದು ಮೊದಲ ಮೂರಕ್ಕೆ ಪ್ರೆಪೊಸಿಷನ್ ಬೇಕು; ‘ಆನ್ಸರ್’, ‘ರೀಚ್’, ‘ಡಿಸ್ಕಸ್’ ಎಂಬ ಕೊನೆಯ ಮೂರಕ್ಕೆ ಬೇಡ. ಇಲ್ಲಿ ತಪ್ಪುವ ಮಗು ತನಗೆ ತಿಳಿದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಫ್ರೆಂಚಿನಲ್ಲಿಯೂ ಸಂಗೀತವನ್ನು ಕೇಳುವುದಕ್ಕೆ, ಬಸ್ಸನ್ನು ಕಾಯುವುದಕ್ಕೆ ಪ್ರೆಪೊಸಿಷನ್ ಬೇಡ. ಕೋಣೆಯನ್ನು ಪ್ರವೇಶಿಸಲು, ತಾಯಿಯನ್ನು ಹೋಲಲು ಬೇಕು. ಇಂಗ್ಲಿಷಿನ ‘ಎಂಟರ್’ ಮತ್ತು ‘ರಿಸೆಂಬಲ್’ ಫ್ರೆಂಚಿನಿಂದಲೇ ಬಂದವಾದರೂ ಅವಕ್ಕೆ ಪ್ರೆಪೊಸಿಷನ್ ಇಲ್ಲ. ಹೀಗಾಗಿ ಫ್ರೆಂಚ್ ಮಕ್ಕಳೂ ಇಂಗ್ಲಿಷ್ ಕಲಿಯುವಾಗ ನಮ್ಮ ಮಕ್ಕಳಂತೆಯೇ ಎಡವುತ್ತಾರೆ. ಅಷ್ಟೇಕೆ, 1066ರ ನಾರ್ಮನ್ ವಿಜಯಕ್ಕೆ ಮುಂಚಿನ ಹಳೆಯ ಇಂಗ್ಲಿಷಿಗೂ ವಿಭಕ್ತಿಗಳಿದ್ದವು. ಆ ಪ್ರತ್ಯಯಗಳು ಕ್ರಮೇಣ ಸವೆದುಹೋದಂತೆ ಅವುಗಳ ಕೆಲಸ ಪದಗಳ ಕ್ರಮಕ್ಕೂ ಪ್ರೆಪೊಸಿಷನ್‌ಗಳಿಗೂ ಬಿದ್ದಿತು.

ಇನ್ನೊಂದು ಗುಟ್ಟು ಇಂಗ್ಲಿಷಿನೊಳಗೇ ಇದೆ. ‘ಡಿಸ್ಕಷನ್ ಅಬೌಟ್’ ಸರಿ, ‘ಡಿಸ್ಕಸ್ ಅಬೌಟ್’ ತಪ್ಪು. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ. ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ‘ದಿ ಆನ್ಸರ್ ಟು ದ ಕ್ವೆಶ್ಚನ್’ ಸರಿ. ಉತ್ತರಿಸುವಾಗ ಮಾತ್ರ ‘ಆನ್ಸರ್ ದ ಕ್ವೆಶ್ಚನ್’. ನಾಮಪದಕ್ಕೆ ಪ್ರೆಪೊಸಿಷನ್ನಿನ ಊರುಗೋಲು ಬೇಕು. ಅದೇ ಪದ ಕ್ರಿಯಾಪದವಾದಾಗ ತನ್ನ ಕಾಲ ಮೇಲೆ ನಿಲ್ಲುತ್ತದೆ. ‘ಅಟ್ಯಾಕ್’, ‘ಅಪ್ರೋಚ್’ ಪದಗಳಿಗೂ ಇದೇ ರೀತಿ. ನಾಮಪದದ ಅಭ್ಯಾಸ ಕ್ರಿಯಾಪದಕ್ಕೂ ಅಂಟಿಕೊಳ್ಳುವುದು ಸಹಜ. ‘ಡಿಸ್ಕಸ್ ಅಬೌಟ್’ ನೈಜೀರಿಯಾದ ಇಂಗ್ಲಿಷಿನಲ್ಲಿಯೂ ಕೇಳಿಬರುತ್ತದೆ. ಅಲ್ಲಿಯವರೇನೂ ನಮ್ಮ ಕನ್ನಡ ಶಾಲೆಯಲ್ಲಿ ಓದಿದವರಲ್ಲವಷ್ಟೆ!

ಕೆಲವೊಮ್ಮೆ ಆ ಪುಟ್ಟ ಪದವೇ ಅರ್ಥವನ್ನು ಬದಲಿಸುತ್ತದೆ. ಪೊಲೀಸರು ಕಳ್ಳನನ್ನು ‘ಸರ್ಚ್’ ಮಾಡಿದರೆಂದರೆ ಕಳ್ಳ ಸಿಕ್ಕಿದ್ದಾನೆ, ಅವನ ಜೇಬನ್ನು ತಡಕುತ್ತಿದ್ದಾರೆ. ‘ಸರ್ಚ್ ಫಾರ್’ ಎಂದರೆ ಅವನಿನ್ನೂ ಸಿಕ್ಕಿಲ್ಲ. ಹುಲಿಯನ್ನು ‘ಶೂಟ್’ ಮಾಡಿದರೆ ಗುಂಡು ತಗುಲಿದೆ. ‘ಶೂಟ್ ಅಟ್’ ಎಂದರೆ ಹುಲಿಯ ಕಡೆಗೆ ಹಾರಿಸಿದ್ದು ಮಾತ್ರ ನಿಶ್ಚಯ. ಕೋಣೆಯನ್ನು ‘ಎಂಟರ್’ ಮಾಡಿದರೆ ಸಾಕು, ಒಪ್ಪಂದಕ್ಕೆ ಮಾತ್ರ ‘ಎಂಟರ್ ಇನ್‌ಟು’.

ಹಾಗಾದರೆ ಇವನ್ನು ಕಲಿಯುವ ಬಗೆ ಹೇಗೆ? ಒಂದೇ ಸೂತ್ರದಿಂದ ಎಲ್ಲವನ್ನೂ ಬಿಡಿಸಲಾಗದು. ಹಾಜರಿ ಪುಸ್ತಕದಲ್ಲಿ ಮೂವರು ಮಂಜುನಾಥರಿದ್ದಾಗ ನಾನು ಇನಿಷಿಯಲ್ ಸೇರಿಸಿ ಕರೆಯುತ್ತಿದ್ದುದು ನಿಮಗೆ ನೆನಪಿರಬಹುದು. ‘ಲುಕ್ ಅಟ್’, ‘ಲುಕ್ ಫಾರ್’, ‘ಲುಕ್ ಆಫ್ಟರ್’ ಸಹ ಹಾಗೆಯೇ ಮೂವರು ಬೇರೆಬೇರೆ ವ್ಯಕ್ತಿಗಳು: ನೋಡುವವನು, ಹುಡುಕುವವನು, ನೋಡಿಕೊಳ್ಳುವವನು. ಇಂಥ ಕ್ರಿಯಾಪದವನ್ನು ಇನಿಷಿಯಲ್ ಸಮೇತ, ಒಂದು ಪೂರ್ಣ ವಾಕ್ಯದಲ್ಲಿಯೇ ಕಲಿಯಬೇಕು. ಇನಿಷಿಯಲ್ ಇಲ್ಲದ್ದಕ್ಕೆ ಅಂಟಿಸಬಾರದು.

ನಿಮ್ಮಲ್ಲಿ ಹಲವರು ಇಂದು ತಂದೆತಾಯಿಯರು, ಕೆಲವರು ಅಧಿಕಾರಿಗಳು. ಮಗುವೋ ಕಿರಿಯ ಸಹೋದ್ಯೋಗಿಯೋ ‘ಡಿಸ್ಕಸ್ ಅಬೌಟ್’ ಎಂದರೆ ಏಕಾಂತದಲ್ಲಿ ತಿದ್ದಿರಿ, ಕಾರಣವನ್ನೂ ತಿಳಿಸಿರಿ. ನನಗೆ ದೂರವಾಣಿ ಮಾಡಿದವನಿಗಂತೂ ಒಂದೇ ಮಾತು: ‘ಅಬೌಟ್’ ಬಿಡು ಮಗು, ಮಾತನ್ನು ಬಿಡಬೇಡ.