ಎರಡು ವಿಮಾನ ನಿಲ್ದಾಣಗಳ ನಡುವೆ ನಮ್ಮ ಹೊಸೂರು

ಹೊಸೂರಿನ ಮತ್ತಿಗಿರಿಯಲ್ಲಿ ನಮ್ಮ ಮನೆ. ಸಂಜೆ ಅಂಗಳದಲ್ಲಿ ಜಪಸರಕ್ಕೆ ಕುಳಿತಾಗ ಒಮ್ಮೊಮ್ಮೆ ತಲೆಯ ಮೇಲೆ ವಿಮಾನ ಹೋಗುತ್ತದೆ. ಮಕ್ಕಳ ಕಣ್ಣು ಅತ್ತ ತಿರುಗುತ್ತದೆ. ಆದರೆ ವಿಮಾನ ಹತ್ತಬೇಕೆಂದರೆ ನಾವು ಉತ್ತರಕ್ಕೆ ದೇವನಹಳ್ಳಿಗೆ ಹೋಗಬೇಕು, ಇಲ್ಲವೇ ದಕ್ಷಿಣಕ್ಕೆ ಸೇಲಂಗೆ.

ಭೂಪಟದಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಓಮಲೂರು ಬಳಿಯ ಸೇಲಂ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 160 ಕಿ.ಮೀ. ಆ ಗೆರೆ ಹೆಚ್ಚುಕಡಿಮೆ ನಮ್ಮ ಹೊಸೂರಿನ ಮೇಲೆಯೇ ಹಾದುಹೋಗುತ್ತದೆ! 2023ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆಯಡಿ ಈ ಎರಡು ಊರುಗಳ ನಡುವೆ ಚಿಕ್ಕ ವಿಮಾನ ಹಾರತೊಡಗಿದಾಗ ಪ್ರಯಾಣಕ್ಕೆ ಹಿಡಿದ ಸಮಯ ಸುಮಾರು ಒಂದು ಗಂಟೆ. ಅದರಲ್ಲೂ ಒಂದಷ್ಟು ಹೊತ್ತು ನೆಲದ ಮೇಲೆ ಸಾಗುವುದಕ್ಕೇ ಹೋಗುತ್ತದೆ.

ನಮ್ಮ ಲೆಕ್ಕವೇ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ಮಾವನವರು ಹಾಸಿಗೆ ಹಿಡಿದರು. ಗುರುಗಳು ಬಂದು ರೋಗಿಗಳ ಅಭ್ಯಂಗ ನೀಡಿದರು. ಕುವೈತ್‌ನಲ್ಲಿ ನರ್ಸ್ ಆಗಿರುವ ಮಗಳು ಸಿಕ್ಕಿದ ವಿಮಾನ ಹತ್ತಿ ಹೊರಟಳು. ಸಂಜೆ ನಾಲ್ಕಕ್ಕೆ ಫೋನು: "ಅತ್ತಿಗೆ, ಇಳಿದೆ. ಅಪ್ಪ ಹೇಗಿದ್ದಾರೆ?" ತಪಾಸಣೆ, ಲಗೇಜು ಮುಗಿಸಿ, ಹೆಬ್ಬಾಳ, ಸಿಲ್ಕ್ ಬೋರ್ಡ್, ಅತ್ತಿಬೆಲೆ ದಾಟಿ ಮನೆ ಸೇರುವಾಗ ರಾತ್ರಿ ಒಂಬತ್ತು. ಕುವೈತ್‌ನಿಂದ ಬೆಂಗಳೂರಿಗೆ ಐದು ಗಂಟೆ, ಅಲ್ಲಿಂದ ಮನೆಗೂ ಐದು ಗಂಟೆ! ಮಗಳ ದನಿ ಕೇಳಿ ಮಾವ ಕಣ್ಣು ತೆರೆದರು. ಮರುದಿನ ಬೆಳಗ್ಗೆ ಪ್ರಭುವಿನಲ್ಲಿ ನಿದ್ರಿಸಿದರು.

ಹೊಸೂರಿನಲ್ಲಿ ರನ್‌ವೇ ಇಲ್ಲವೆಂದಲ್ಲ. ಬೆಳಗೊಂಡಪಲ್ಲಿಯಲ್ಲಿ ಎರಡು ಕಿ.ಮೀ.ಗೂ ಉದ್ದದ ಖಾಸಗಿ ರನ್‌ವೇ ಇದೆ. ಅಲ್ಲಿ ವಿಮಾನಗಳ ದುರಸ್ತಿಯೂ ನಡೆಯುತ್ತದೆ. ಆದರೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ಆರಂಭವಾಗುವ ಮೊದಲೇ ಆದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನ ಬಿಟ್ಟರೆ, 25 ವರ್ಷ ಕಾಲ 150 ಕಿ.ಮೀ. ಸುತ್ತಳತೆಯೊಳಗೆ ಹೊಸ ವಿಮಾನ ನಿಲ್ದಾಣ ಬರುವಂತಿಲ್ಲ. ಆ ಅವಧಿ ಮುಗಿಯುವುದು 2033ಕ್ಕೆ. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿಗಳು ಹೊಸೂರಿಗೆ 2,000 ಎಕರೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ವಿಧಾನಸಭೆಯಲ್ಲಿ ಘೋಷಿಸಿದರು.

ಸುದ್ದಿ ಕೇಳಿ ನಮಗೆ ಮೊದಲು ನೆನಪಾದದ್ದು ಆ ಐದು ಗಂಟೆ. ಆಮೇಲೆ ನೆನಪಾದದ್ದು ಇಲ್ಲಿಯ ರಾಗಿ ಹೊಲ, ಗುಲಾಬಿ ತೋಟಗಳು. ನಾವು ಬೇಗ ಮನೆ ಸೇರಬೇಕೆಂಬ ಆಸೆ ತಪ್ಪಲ್ಲ. ಅದಕ್ಕಾಗಿ ಇನ್ನೊಬ್ಬರು ಮನೆ, ಹೊಲ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲಬಾರದು.

ಅಲ್ಲಿಯವರೆಗೆ ನಮ್ಮ ಭಾಗದ ಕುಟುಂಬಗಳಿಗೆ ಒಂದು ಮಾತು: ಟಿಕೆಟಿನಲ್ಲಿರುವ ಗಂಟೆಗಳನ್ನಷ್ಟೇ ಎಣಿಸಬೇಡಿ, ರಸ್ತೆಯ ಗಂಟೆಗಳನ್ನೂ ಕೂಡಿಸಿಕೊಳ್ಳಿ. ಮನೆಯಲ್ಲಿ ಹಿರಿಯರು ಕಾಯುತ್ತಿದ್ದರೆ ಒಂದು ದಿನ ಮೊದಲೇ ಹೊರಡಿ. ದೂರದಲ್ಲಿರುವ ನಮ್ಮ ಮಕ್ಕಳೆಲ್ಲರನ್ನೂ ಪ್ರಭು ಸುರಕ್ಷಿತವಾಗಿ ಮನೆ ಸೇರಿಸಲಿ.