ಸರಪಳಿಯ ಬಿಗಿ

ಯಂತ್ರಗಳನ್ನು ಕುರಿತು ಬರೆಯುವ ಅಧಿಕಾರ ಸಾಹಿತ್ಯದ ಅಧ್ಯಾಪಕನಾದ ನನಗಿಲ್ಲ. ಆದರೂ ಹೈದರಾಬಾದಿನಲ್ಲಿ ಕುಳಿತು ಊರನ್ನು ನೆನೆದಾಗಲೆಲ್ಲ 1997ರ ಬೇಸಿಗೆಯ ಒಂದು ರಾತ್ರಿ ಕಣ್ಮುಂದೆ ಬರುತ್ತದೆ. ಅಣ್ಣನ ಹಳೆಯ ಭತ್ತದ ಕಟಾವು ಯಂತ್ರವನ್ನು ಸಿಂಧನೂರಿನ ಕಡೆಯಿಂದ ಟ್ರೈಲರಿನ ಮೇಲೆ ತಂದ ರಾತ್ರಿ ಅದು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ತರುವಾಯ ಎಡದಂಡೆ ಕಾಲುವೆಯ ನೀರು ನಮ್ಮ ಜೋಳದ ಹೊಲಗಳನ್ನು ಗದ್ದೆಗಳನ್ನಾಗಿಸಿತು. ಗದ್ದೆಯ ಬೆನ್ನಿಗೆ ಯಂತ್ರ ಬಂದಿತು, ಯಂತ್ರದ ಬೆನ್ನಿಗೆ ಸಾಲವೂ ಬಂದಿತು. ಎಂಜಿನ್ ಕೆಟ್ಟು ನಿಂತಾಗ, ಬಿಡಿಭಾಗಗಳಿಗಾಗಿ ಅದನ್ನು ಕೊಳ್ಳುವವರನ್ನು ಹೈದರಾಬಾದಿನಲ್ಲಿ ಹುಡುಕಿಕೊಟ್ಟವನು ನಾನೇ.

ಯಂತ್ರವನ್ನು ಏರಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಮುಂದಿನ ಕಟರ್‌ಬಾರಿನ ಅಗಲ 14 ಅಡಿ, ಎಂದರೆ 4 ಮೀಟರಿಗೂ ಹೆಚ್ಚು. 1989ರ ಮೋಟಾರು ವಾಹನ ನಿಯಮಗಳು ರಸ್ತೆಯ ವಾಹನಕ್ಕೆ ಒಪ್ಪುವ ಅಗಲ 2.6 ಮೀಟರು. ಆದ್ದರಿಂದ ಅದನ್ನು ಬಿಚ್ಚಿ ಉದ್ದುದ್ದವಾಗಿ ಮಲಗಿಸಿದರು. ಗಾಲಿಗಳಿಗೆ ಮರದ ಬೆಣೆ ಕೊಟ್ಟು, ನಾಲ್ಕು ಮೂಲೆಗಳಿಂದ ಸರಪಳಿ ಬಿಗಿದರು. ಊರೊಳಗಿನ ಜೋತುಬಿದ್ದ ವಿದ್ಯುತ್ ತಂತಿಗಳನ್ನು ಎತ್ತಲು ಒಣ ಬಿದಿರಿನ ಗಳ ಹಿಡಿದು ಹುಡುಗನೊಬ್ಬ ಮೇಲೆ ಕುಳಿತ. ಅಣ್ಣ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು ಕೈಮುಗಿದ. ಮಾರಿದ ಯಂತ್ರಕ್ಕೆ ಪೂಜೆಯೇಕೆಂದು ಕೇಳಬೇಕೆನಿಸಿದರೂ ಸುಮ್ಮನಾದೆ.

ಹೊರಟು ಅರ್ಧ ತಾಸಾಗಿರಲಿಲ್ಲ, ಚಾಲಕ ಗಾಡಿ ನಿಲ್ಲಿಸಿದ. ಮರುದಿನ ಬೆಳಗ್ಗೆ ನನಗೆ ತರಗತಿಯಿತ್ತು, 250 ಕಿ.ಮೀ.ಗೂ ಹೆಚ್ಚು ದಾರಿ ಉಳಿದಿತ್ತು. ನನ್ನ ಅಸಹನೆ ಕಂಡು ಆತ ಹೇಳಿದ: “ಎಷ್ಟೇ ಜಗ್ಗಿ ಕಟ್ರಿ ಸರ್, ಮೊದಲ ಹತ್ತು ಮೈಲಿಗೆ ಸರಪಳಿ ಸಡಲಾಗತೈತ್ರಿ. ಹೊರೆ ಕುಂತ ಮ್ಯಾಲೆ ಮತ್ತ ಬಿಗೀಬೇಕು.” ನಿಜಕ್ಕೂ ಹಿಂಬದಿಯ ಸರಪಳಿಯೊಂದು ಕೈಯಲ್ಲಿ ಆಡುತ್ತಿತ್ತು. ಅಣ್ಣ ಮಾತಿಲ್ಲದೆ ಇಳಿದು ಅದನ್ನು ಬಿಗಿಸಿದ. ಮಾನ್ವಿಯಲ್ಲಿ ಮತ್ತೊಮ್ಮೆ, ರಾಯಚೂರಿನಲ್ಲಿ ಇನ್ನೊಮ್ಮೆ ಇಳಿದ. ದೇವಸೂಗೂರಿನ ಬಳಿ, ನಿಜಾಮರ ಕಾಲದ ಇಕ್ಕಟ್ಟಾದ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುವಾಗ ಗಾಡಿ ನಡಿಗೆಯ ವೇಗಕ್ಕಿಳಿಯಿತು. ಆಚೆಗೆ ಅಂದಿನ ಆಂಧ್ರಪ್ರದೇಶ, 2014ರಿಂದ ತೆಲಂಗಾಣ. ಅಲ್ಲಿಯವರೆಗೂ ಅಣ್ಣ ಹಿಂದಿರುಗಿ ಯಂತ್ರವನ್ನೇ ನೋಡುತ್ತಿದ್ದ. ನಾನು ಗಡಿಯಾರವನ್ನು ನೋಡುತ್ತಿದ್ದೆ.

ಬೆಳಗ್ಗೆ ಕೊಂಡವರ ಅಂಗಳದಲ್ಲಿ ಇಳಿಸುವ ಮುನ್ನ ಅವನು ಒಂದು ಸುತ್ತು ಬಂದು ಪ್ರತಿಯೊಂದು ಸರಪಳಿಯನ್ನೂ ಜಗ್ಗಿ ನೋಡಿದ. “ಒಂದೂ ಸಡಲಿಲ್ಲ ನೋಡಪಾ” ಎಂದ. ಬಿಚ್ಚಲಿರುವ ಸರಪಳಿಯ ಬಿಗಿಯನ್ನು ಪರೀಕ್ಷಿಸಿದ ಆ ಕೈಗಳ ಮುಂದೆ ನನಗೆ ನಾಚಿಕೆಯಾಯಿತು. ಓದು, ನೌಕರಿಗಳೆಂದು ಊರು ಬಿಟ್ಟು ಬಂದ ನಾನು ಒಮ್ಮೆ ಕಟ್ಟಿದ ನಂಟು ತಾನಾಗಿಯೇ ಬಿಗಿಯಾಗಿ ಉಳಿಯುವುದೆಂದು ನಂಬಿದ್ದೆ. ಅಣ್ಣನ ಸಾಲವೆಷ್ಟೆಂಬುದು ಕೂಡ ನನಗೆ ತಿಳಿದದ್ದು ಯಂತ್ರ ಮಾರುವಾಗಲೇ.

ಅಂದು ನಾನು ತರಗತಿಗೆ ಹೋಗಲಿಲ್ಲ. ಅಣ್ಣನನ್ನು ಮನೆಗೆ ಕರೆತಂದು, ಉಂಡ ಮೇಲೆ, ಮೊದಲ ಬಾರಿಗೆ ಹೊಲದ ಲೆಕ್ಕ ಕೇಳಿದೆ. ಅವನು ಹೇಳಿ ಮುಗಿಸುವಾಗ ಸಂಜೆಯಾಗಿತ್ತು.