ಪಡೆದುದನ್ನು ಮರಳಿ ನೀಡುವ ವಿದ್ಯೆ

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ತಾವು ರಚಿಸಿದ ಲಿನಕ್ಸ್ ಎಂಬ ತಂತ್ರಾಂಶದ ಮೂಲಬರಹವನ್ನು, ಬಲ್ಲವರು ಓದಿ ತಿದ್ದಲೆಂದು ಲೋಕಕ್ಕೇ ತೆರೆದಿಟ್ಟರು. ಅದರ ಬಳಕೆದಾರರನ್ನು ಒಂದುಗೂಡಿಸಲು ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಸಮ್ಮೇಳನವು 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆದು, ಕೊನೆಯದಾಗಿ 2012ರಲ್ಲಿ ಜರುಗಿತು. ಕೇಳಿ ತಲೆದೂಗುವವರು ಬಹಳ, ಕೂಡಿ ಕಟ್ಟುವವರು ವಿರಳವೆಂಬ ಕೊರತೆಯನ್ನರಿತ ಸಂಘಟಕರು ಕ್ರಮೇಣ ಉಪನ್ಯಾಸಗಳಿಗಿಂತ ಪ್ರತ್ಯಕ್ಷ ಕೆಲಸಕ್ಕೇ ಹೆಚ್ಚಿನ ಮನ್ನಣೆಯಿತ್ತರು.

ಈ ರೀತಿ ನಮ್ಮ ನಾಡಿಗೆ ಹೊಸತಲ್ಲ. ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಬಲ್ಲಿದನು ತಪ್ಪು ಕಂಡಲ್ಲಿ ತಿದ್ದಿ ಮುಂದಿನವರಿಗೆ ಒಪ್ಪಿಸುತ್ತಿದ್ದನು. ‘ಗುಬ್ಬಿ’, ‘ನವಿಲು’ ಎಂಬ ಗಣಕಯಂತ್ರದ ಅಕ್ಷರವಿನ್ಯಾಸಗಳು ಕನ್ನಡಿಗರಿಗೆ ದೊರೆತುದೂ ಇಂಥ ಮುಕ್ತಪದ್ಧತಿಯಿಂದಲೇ. ಪುಕ್ಕಟೆ ದೊರೆತುದನ್ನು ಬಳಸುವುದಷ್ಟೇ ಜಾಣತನವೆಂದು ವಿದ್ಯಾರ್ಥಿಗಳು ಬಗೆಯಬಾರದು. ಒಂದು ದೋಷವನ್ನಾದರೂ ತಿದ್ದಿ ಮರಳಿ ನೀಡಿದವನೇ ಆ ವಿದ್ಯೆಗೆ ನಿಜವಾದ ಉತ್ತರಾಧಿಕಾರಿ.